ಒಳಕೋಣೆಯ ಟೀವಿ

ತೀರ್ಥಹಳ್ಳಿ ಕಡೆಯ ನಮ್ಮ ಹಳೇ ಮನೆಯಲ್ಲಿ ಎಷ್ಟು ಕೋಣೆ ಇತ್ತು ಎಂದು ಯಾರಾದರೂ ಕೇಳಿದರೆ ನಾನು ಈಗಲೂ ಬೆರಳು ಮಡಚಿ ಎಣಿಸಬೇಕು. ಜಗುಲಿ ಕೋಣೆಯೋ ಅಲ್ಲವೋ, ಅಟ್ಟವನ್ನು ಲೆಕ್ಕಕ್ಕೆ ಹಿಡಿಯಬೇಕೋ ಬೇಡವೋ ಎಂಬ ತಕರಾರು ಬರುತ್ತದೆ. ಮುಂಬಯಿಯಲ್ಲಿ ಈ ತೊಂದರೆ ಇಲ್ಲ. ಇಲ್ಲಿ ಮನೆಯೆಂದರೆ ಚದರಡಿ. 1998ರಲ್ಲಿ ಬ್ಯಾಂಕಿನ ಸಾಲ ಎತ್ತಿ ಮುಲುಂದ್‌ನಲ್ಲಿ ನಾನು ಕೊಂಡ ಫ್ಲಾಟು 520 ಚದರಡಿ. ಒಂದು ಹಾಲು, ಒಂದು ಅಡಿಗೆಮನೆ, ಒಂದು ಮಲಗುವ ಕೋಣೆ. ಇದಲ್ಲದೆ ಬಾಲ್ಕನಿಗೆ ಗೋಡೆ, ಕಿಟಕಿ ಇಟ್ಟು ಮುಚ್ಚಿ ಮಾಡಿದ ಇನ್ನೊಂದು ಪುಟ್ಟ ಜಾಗ. ಅದನ್ನು ನಾವು ಒಳಕೋಣೆ ಎನ್ನುತ್ತಿದ್ದೆವು. ನಿಜಕ್ಕಾದರೆ ಅದು ಮನೆಯ ಹೊರಗೆ ಚಾಚಿಕೊಂಡಿತ್ತು. ಮಳೆಗಾಲದಲ್ಲಿ ಗೋಡೆ ಬೆವರುತ್ತಿತ್ತು.

ಅಪ್ಪ ತೀರಿಕೊಂಡ ಮೇಲೆ, 2004ರ ಫೆಬ್ರವರಿಯಲ್ಲಿ ಅಮ್ಮನನ್ನು ಕರೆದುಕೊಂಡು ಬಂದೆ. ಒಳಕೋಣೆಯಲ್ಲಿದ್ದ ಮಗನ ಪುಸ್ತಕದ ಮೇಜು ಹಾಲಿಗೆ ಬಂತು, ಅಮ್ಮನ ಮಂಚ ಒಳಗೆ ಹೋಯಿತು. ಎಪ್ಪತ್ತೆರಡನೇ ವಯಸ್ಸಿನಲ್ಲಿ ಊರು ಬಿಟ್ಟು ಬಂದವಳಿಗೆ ಹಿಂದಿ ಬಾರದು, ಮರಾಠಿ ಬಾರದು. ಕೆಳಗಿನ ಮಹಡಿಯ ಮರಾಠಿ ಅಜ್ಜಿಯೂ ಅಮ್ಮನೂ ಸಂಜೆ ಕಟ್ಟೆಯ ಮೇಲೆ ಅಕ್ಕಪಕ್ಕ ಕೂತು ನಗುತ್ತಿದ್ದರು, ಅಷ್ಟೇ. ಕೇಬಲ್‌ನಲ್ಲಿ ಉದಯ ಬರುತ್ತಿತ್ತು, ಈಟೀವಿ ಕನ್ನಡ ಬರುತ್ತಿತ್ತು (2015ರಲ್ಲಿ ಅದರ ಹೆಸರು ಕಲರ್ಸ್ ಕನ್ನಡ ಎಂದಾಯಿತು). ಅಮ್ಮನಿಗೆ ದಿನದಲ್ಲಿ ಕಿವಿಗೆ ಬೀಳುವ ಕನ್ನಡವೆಂದರೆ ಅದು, ಮತ್ತೆ ನಾವು ರಾತ್ರಿ ಊಟದ ಹೊತ್ತಿಗೆ ಆಡುವ ನಾಲ್ಕು ಮಾತು. ನಮ್ಮ ಮಕ್ಕಳು ತಮ್ಮತಮ್ಮೊಳಗೆ ಹಿಂದಿಯಲ್ಲೇ ಜಗಳವಾಡುವವರು.

ಆದರೆ ಟೀವಿ ಒಂದೇ, ಹಾಲಿನಲ್ಲಿ. ಆ ಮಾರ್ಚ್‌ನಲ್ಲಿ ಭಾರತ ತಂಡ ಪಾಕಿಸ್ತಾನಕ್ಕೆ ಹೋಗಿ ಆಡುತ್ತಿತ್ತು. ಮಗನಿಗೆ ಹದಿನಾಲ್ಕು ವರ್ಷ. ಧಾರಾವಾಹಿಯ ಹೊತ್ತಿಗೆ ಪಂದ್ಯದ ಕೊನೆಯ ಓವರುಗಳು. ಅಮ್ಮ ಜಗಳಕ್ಕೆ ಬರುವವಳಲ್ಲ. ಮಗ್ಗುಲಲ್ಲಿ ಕೂತು, ದ್ರಾವಿಡ್ ನಮ್ಮ ಬೆಂಗಳೂರಿನ ಹುಡುಗ ಅಲ್ವಾ ಎಂದು ಕೇಳಿ, ಅವನು ಔಟಾದ ಮೇಲೆ ಎದ್ದು ಹೋಗುತ್ತಿದ್ದಳು. ನನ್ನ ಹೆಂಡತಿಯೇ ಒಂದು ದಿನ, "ಅಲ್ಲಾ ರೀ, ಅತ್ತೆಗೆ ಒಳಗೇ ಒಂದು ಟೀವಿ ಇಟ್ಟುಕೊಟ್ಟರೆ ಎಲ್ಲರಿಗೂ ಸುಖ ಅಲ್ವಾ" ಅಂದಳು. ಎಲ್ಲರಿಗೂ ಸುಖ ಎಂಬ ಮಾತನ್ನು ನಾನು ಆಗ ಪರೀಕ್ಷಿಸಲಿಲ್ಲ. ವರ್ಗವಾಗಿ ಹೋಗುತ್ತಿದ್ದ ಸಹೋದ್ಯೋಗಿಯೊಬ್ಬರಿಂದ ಹದಿನಾಲ್ಕು ಇಂಚಿನ ಟೀವಿ ಎರಡು ಸಾವಿರಕ್ಕೆ ಸಿಕ್ಕಿತು.

ಇನ್ನು ಕೇಬಲ್. ಮೊದಲ ಸಂಪರ್ಕಕ್ಕೆ ತಿಂಗಳಿಗೆ 250 ರೂಪಾಯಿ ಕೊಡುತ್ತಿದ್ದೆವು. ಎರಡನೇ ಪಾಯಿಂಟು ಬೇಕಾದರೆ ಇನ್ನೂ ನೂರು. ಕಟ್ಟಡದಲ್ಲಿ ಯಾರೂ ಈ ನೂರು ಕೊಡುತ್ತಿರಲಿಲ್ಲ. ಎಲ್ಲರ ಮನೆಯಲ್ಲೂ ಎರಡು ಟೀವಿ ಇತ್ತು. ಲ್ಯಾಮಿಂಗ್ಟನ್ ರೋಡಿನಲ್ಲಿ ಇಪ್ಪತ್ತೈದು ರೂಪಾಯಿಗೆ ಬೆಂಕಿಪೊಟ್ಟಣದಷ್ಟು ಗಾತ್ರದ ಸ್ಪ್ಲಿಟರ್ ಸಿಗುತ್ತಿತ್ತು, ಒಂದು ಕಡೆ ತಂತಿ ಒಳಗೆ, ಎರಡು ಕಡೆ ಹೊರಗೆ. ಒಂದು ಭಾನುವಾರ ನಾನೇ ಸ್ಟೂಲು ಹತ್ತಿ ಕೂಡಿಸಿದೆ. ಎಂ.ಕಾಂ. ಓದಿದವನು ಸ್ಕ್ರೂಡ್ರೈವರ್ ಹಿಡಿದದ್ದನ್ನು ನೋಡಲು ಮನೆಮಂದಿಯೆಲ್ಲ ನೆರೆದಿದ್ದರು.

ಹಾಲಿನಲ್ಲಿ ಚಿತ್ರ ಚೆನ್ನಾಗಿಯೇ ಇತ್ತು. ಒಳಕೋಣೆಯಲ್ಲಿ ಹಿಂದಿ ಚಾನೆಲ್‌ಗಳೂ ತಕ್ಕಮಟ್ಟಿಗೆ ಬಂದವು. ಕನ್ನಡಕ್ಕೆ ತಿರುಗಿಸಿದರೆ ಅಮ್ಮ ಕನ್ನಡಕ ಒರೆಸಿಕೊಂಡು, "ಏ ಮಾರಾಯ, ಯಾರೋ ಅಕ್ಕಿನುಚ್ಚು ಚೆಲ್ಲಿದ ಹಾಗೆ ಕಾಣ್ತದೆ" ಅಂದಳು. ಹೌದು, ಪರದೆ ತುಂಬಾ ನುಚ್ಚು. ಅದರ ಹಿಂದೆ ಒಬ್ಬಳು ಅಳುತ್ತಿದ್ದಾಳೆ ಎಂದು ದನಿಯಿಂದ ಗೊತ್ತಾಗುತ್ತಿತ್ತು.

ಯಾಕೆ ಕನ್ನಡ ಮಾತ್ರ ಹೀಗೆ? ಇದನ್ನು ನಾನು ಆಮೇಲೆ ಕೇಳಿ, ಓದಿ ತಿಳಿದುಕೊಂಡೆ. ಸಿಗ್ನಲನ್ನು ಎರಡು ಪಾಲು ಮಾಡಿದರೆ ಅದರ ಶಕ್ತಿ ಅರ್ಧರ್ಧವಾಗುತ್ತದೆ. ಲೆಕ್ಕದ ಪ್ರಕಾರ 3 ಡೆಸಿಬೆಲ್ ನಷ್ಟ, ಸ್ಪ್ಲಿಟರ್ ತಾನೂ ಸ್ವಲ್ಪ ತಿನ್ನುವುದರಿಂದ ಮೂರೂವರೆ. ಮೇಲೆ ತಂತಿ ಉದ್ದವಾದಷ್ಟೂ ನಷ್ಟ. ತಂತಿಯೊಳಗಿನ ಈ ನಷ್ಟ ಎಲ್ಲ ಚಾನೆಲ್‌ಗೂ ಒಂದೇ ಅಲ್ಲ. ಕಂಪನಾಂಕ ಹೆಚ್ಚಿದಷ್ಟೂ ಹೆಚ್ಚು. ನಮ್ಮ ಕೇಬಲ್‌ನವನು ಹೆಚ್ಚು ಜನ ನೋಡುವ ಹಿಂದಿ, ಮರಾಠಿ ಚಾನೆಲ್‌ಗಳನ್ನು ಕೆಳಗಿನ ಕಂಪನಾಂಕಗಳಲ್ಲಿ ಕೂರಿಸಿ, ಯಾರೂ ಕೇಳದವನ್ನು ತುದಿಗೆ ತಳ್ಳಿದ್ದ. ಕನ್ನಡ ಎರಡೂ ತುದಿಯಲ್ಲಿದ್ದವು. ಅವನ ಮೇಲೆ ನನಗೆ ಸಿಟ್ಟಿಲ್ಲ. ಇನ್ನೂರು ಮನೆಯಲ್ಲಿ ಕನ್ನಡದವು ಆರು. ಮುಂಬಯಿಯಲ್ಲಿ ನಾವು ಇರುವುದು ಎಲ್ಲಿ ಎಂಬುದನ್ನು ಮಾಟುಂಗದ ಸಂಘಗಳ ಭಾಷಣಗಳಿಗಿಂತ ಆ ಟೀವಿ ಹೆಚ್ಚು ಖಚಿತವಾಗಿ ಹೇಳಿತು, ಅಷ್ಟೆ.

ಬೂಸ್ಟರ್ ಎಂಬ ಇನ್ನೊಂದು ಡಬ್ಬಿ ತಂದು ಅಮ್ಮನ ಟೀವಿಯ ಪಕ್ಕದಲ್ಲೇ ಇಟ್ಟೆ. ಈಗ ನುಚ್ಚು ಇನ್ನೂ ಹೊಳೆಯತೊಡಗಿತು! ಬೂಸ್ಟರ್‌ಗೆ ಚಿತ್ರ ಯಾವುದು ಗದ್ದಲ ಯಾವುದು ಎಂದು ಗೊತ್ತಾಗುವುದಿಲ್ಲ, ಬಂದದ್ದನ್ನೆಲ್ಲ ಹಿಗ್ಗಿಸಿ ಕೊಡುತ್ತದೆ. ಅದನ್ನು ಇಡಬೇಕಾದದ್ದು ಸಿಗ್ನಲ್ ಇನ್ನೂ ಗಟ್ಟಿಯಾಗಿರುವಲ್ಲಿ, ಅಂದರೆ ಕೇಬಲ್ ಮನೆಯೊಳಗೆ ಬರುವ ಜಾಗದಲ್ಲಿ, ಸ್ಪ್ಲಿಟರ್‌ಗಿಂತ ಮೊದಲು. ಸೊರಗಿದ ಮೇಲೆ ಪ್ರಯೋಜನವಿಲ್ಲ. ಇದೂ ಆಮೇಲೆ ತಿಳಿದದ್ದೇ.

ಇಷ್ಟರ ನಡುವೆ ಅಮ್ಮ ಬೇಸರಪಟ್ಟವಳಲ್ಲ. ಅವಳಿಗೆ ನುಚ್ಚಿನ ಚಿತ್ರದ ಅಭ್ಯಾಸ ಇತ್ತು. 1987ರಲ್ಲಿ ರಾಮಾಯಣ ಶುರುವಾದಾಗ ನಮ್ಮ ಊರಿನಲ್ಲಿ ಟೀವಿ ಇದ್ದದ್ದು ಒಂದು ಮನೆಯಲ್ಲಿ. ಸುತ್ತ ಗುಡ್ಡ, ಮಧ್ಯೆ ಅಡಿಕೆ ತೋಟ. ಅಷ್ಟು ತಗ್ಗಿಗೆ ರಿಲೇ ಕೇಂದ್ರದ ಅಲೆ ಇಳಿದು ಬರುವುದೇ ಕಷ್ಟ. ಒಬ್ಬ ಹಂಚಿನ ಮೇಲೆ ಹತ್ತಿ ಆಂಟೆನಾ ತಿರುಗಿಸಬೇಕು, ಒಬ್ಬ ಅಂಗಳದಲ್ಲಿ ನಿಂತು ಕೂಗಬೇಕು, ಒಳಗಿನವರು ಬಂತು, ಹೋಯ್ತು ಎಂದು ಹೇಳಬೇಕು. ರಾವಣ ಬರುವ ಹೊತ್ತಿಗೆ ಸರಿಯಾಗಿ ಗಾಳಿ ಬೀಸುತ್ತಿತ್ತು. ಆದರೂ ಮೂವತ್ತು ಜನ ಕೂತು ನೋಡಿದೆವು. ರಜೆಗೆ ಹೋಗಿದ್ದಾಗ ನಾನೂ ಹಂಚು ಹತ್ತಿದ್ದೇನೆ, ಎರಡು ಹಂಚು ಒಡೆದಿದ್ದೇನೆ. ಮೂವತ್ತು ಜನಕ್ಕೆ ಒಂದು ಟೀವಿ ಇದ್ದಲ್ಲಿಂದ ಐದು ಜನಕ್ಕೆ ಎರಡು ಟೀವಿಯಾಗಲು ಹದಿನೇಳು ವರ್ಷ ಸಾಕಾಯಿತು.

ತಿಂಗಳ ಮೊದಲ ವಾರ ಕೇಬಲ್ ಹುಡುಗ ದುಡ್ಡಿಗೆ ಬರುತ್ತಿದ್ದ. ರಾತ್ರಿ ಎಂಟರ ಸುಮಾರಿಗೆ, ಎಲ್ಲರೂ ಮನೆಯಲ್ಲಿರುವಾಗ. ಮೊದಲ ತಿಂಗಳು ಬೆಲ್ಲು ಹೊಡೆದಾಗ ನಾನು ಒಳಕೋಣೆಗೆ ಓಡಿ, "ಅಮ್ಮಾ, ಸ್ವಲ್ಪ ಸೌಂಡ್ ಕಡಿಮೆ ಮಾಡು" ಎಂದು ಬಾಗಿಲು ಎಳೆದುಕೊಂಡೆ. ಯಾಕೆಂದು ಅಮ್ಮ ಕೇಳಲಿಲ್ಲ. ಎರಡನೇ ತಿಂಗಳು ನಾನು ಹೇಳುವ ಮೊದಲೇ, ಹಾಲಿನಲ್ಲಿ ಅವನ ದನಿ ಕೇಳಿದ ಕೂಡಲೇ ಅವಳೇ ಸೌಂಡ್ ಪೂರ್ತಿ ತೆಗೆದಳು. ಮೂರನೆಯದೋ ನಾಲ್ಕನೆಯದೋ ತಿಂಗಳು ಹುಡುಗನಿಗೆ ಐನೂರರ ನೋಟಿಗೆ ಚಿಲ್ಲರೆ ಹುಡುಕಲು ಹತ್ತು ನಿಮಿಷ ಹಿಡಿಯಿತು. ಅವನು ಹೋದ ಮೇಲೆ ಬಾಗಿಲು ತೆಗೆದು ನೋಡುತ್ತೇನೆ, ಅಮ್ಮ ದೀಪವನ್ನೂ ಆರಿಸಿ ಮಂಚದ ತುದಿಯಲ್ಲಿ ಕೂತಿದ್ದಾಳೆ. ಎದುರಿಗೆ ಮೂಕ ಚಿತ್ರ. ನನ್ನನ್ನು ನೋಡಿ ಪಿಸುದನಿಯಲ್ಲಿ, "ಹೋದ್ನಾ?" ಅಂದಳು.

ಅಡಗಿಕೊಂಡವರು ಕೇಳುವ ಹಾಗೆ.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಬಹಳ ವಾದ ಮಾಡಿದೆ, ನನ್ನೊಡನೆಯೇ. ಇದು ಕಳವು ಹೇಗಾಗುತ್ತದೆ? ತಂತಿ ನನ್ನ ಮನೆಯೊಳಗೆ ಬಂದಾಗಿದೆ. ಅದಕ್ಕೆ ದುಡ್ಡು ಕೊಟ್ಟಿದ್ದೇನೆ. ಒಂದು ಕೊಡ ನೀರನ್ನು ಎರಡು ಪಾತ್ರೆಗೆ ಸುರಿದುಕೊಂಡರೆ ನಲ್ಲಿಯವನಿಗೆ ಏನು? ನುಚ್ಚು ಬಂದರೆ ನನಗೆ ಬಂದೀತು, ಅವನಿಗೇನೂ ಕಡಿಮೆಯಾಗಲಿಲ್ಲ. ಇನ್ನೂ ಒಂದು ಹೆಜ್ಜೆ ಮುಂದೆ ಹೋದೆ: ಈ ಸ್ಥಳೀಯ ಕೇಬಲ್‌ನವರು ತಾವೇ ಚಾನೆಲ್ ಕಂಪನಿಗಳಿಗೆ ಮನೆಗಳ ಲೆಕ್ಕ ಕಡಿಮೆ ತೋರಿಸುತ್ತಾರೆ. ಇದು ಗುಟ್ಟೇನಲ್ಲ, ಮುಂದೆ ಡಿಜಿಟಲ್ ಪೆಟ್ಟಿಗೆ ಕಡ್ಡಾಯ ಮಾಡುವಾಗ ಸರ್ಕಾರ ಕೊಟ್ಟ ಕಾರಣಗಳಲ್ಲಿ ಇದೂ ಒಂದು. ನಾನು ಅವನಿಗೆ ಒಂದು ಟೀವಿ ಮುಚ್ಚಿಟ್ಟರೆ ಅವನು ಮೇಲಿನವರಿಗೆ ನೂರು ಮನೆ ಮುಚ್ಚಿಡುತ್ತಾನೆ.

ವಾದ ಗಟ್ಟಿಯಾಗಿಯೇ ಇತ್ತು. ಬ್ಯಾಂಕಿನಲ್ಲಿ ಇಂಥ ವಾದಗಳನ್ನು ನಾನು ಮೇಜಿನ ಈಚೆಯಿಂದ ಎಷ್ಟೋ ಕೇಳಿದ್ದೇನೆ. ಸಾಲ ತೆಗೆದ ಮೇಲೆ ಕಟ್ಟದವರು ಯಾರೂ ನಾನು ಮೋಸಗಾರ ಎನ್ನುವುದಿಲ್ಲ, ಬಡ್ಡಿ ಜಾಸ್ತಿ, ದೊಡ್ಡವರು ಕೋಟಿ ನುಂಗಿದ್ದಾರೆ ಎನ್ನುತ್ತಾರೆ. ನಾವು ಕಂಪ್ಯೂಟರ್ ಬರುವ ಮುಂಚಿನ ಕಾಲದವರು. ದಿನದ ಲೆಕ್ಕದಲ್ಲಿ ಒಂದು ರೂಪಾಯಿ ಹೊಂದದಿದ್ದರೆ ರಾತ್ರಿ ಹತ್ತರವರೆಗೆ ವೋಚರ್ ತಿರುವಿದವರು. ಕಿಸೆಯಿಂದ ಒಂದು ರೂಪಾಯಿ ಹಾಕಿ ಮುಗಿಸೋಣ ಎಂದರೆ ಹಿರಿಯ ಅಕೌಂಟೆಂಟರು ಬಯ್ಯುತ್ತಿದ್ದರು. ಒಂದು ರೂಪಾಯಿಯ ವ್ಯತ್ಯಾಸದ ಹಿಂದೆ ಎರಡು ದೊಡ್ಡ ತಪ್ಪುಗಳು ಒಂದನ್ನೊಂದು ಮುಚ್ಚಿಕೊಂಡು ಕೂತಿರಬಹುದು ಎಂಬುದು ಅವರ ಅನುಭವ. ಆದರೆ ನಿಜ ಹೇಳಬೇಕೆಂದರೆ ನನ್ನನ್ನು ಕದಲಿಸಿದ್ದು ಈ ನೀತಿ ಯಾವುದೂ ಅಲ್ಲ. ಕದ್ದದ್ದೋ ಅಲ್ಲವೋ ಎಂಬುದು ತೀರ್ಮಾನವಾಗದೇ ಇರಲಿ, ನನ್ನ ತಾಯಿ ನನ್ನ ಮನೆಯಲ್ಲಿ ಕತ್ತಲಲ್ಲಿ ಉಸಿರು ಬಿಗಿಹಿಡಿದು ಕೂರಬೇಕಾಯಿತಲ್ಲ, ಅದಕ್ಕೆ ಯಾವ ವಾದವೂ ಸಿಗಲಿಲ್ಲ.

ಎರಡು ದಿನದ ಮೇಲೆ ಅಮ್ಮ, "ನಂಗೆ ಆ ಟೀವಿ ಬ್ಯಾಡ ಮಾರಾಯ, ಕಣ್ಣು ನೋಯ್ತದೆ" ಅಂದಳು. ಕಣ್ಣಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

ಮುಂದಿನ ತಿಂಗಳು ಹುಡುಗ ಬಂದಾಗ ಒಳಕೋಣೆಯ ಬಾಗಿಲು ತೆರೆದೇ ಇಟ್ಟೆ. ಹೇಳಿದೆ: ಇಂಥಾ ತಿಂಗಳಿನಿಂದ ಎರಡನೇ ಟೀವಿ ಇದೆ, ಐದು ತಿಂಗಳ ಬಾಕಿ ಐನೂರು, ತಗೋ. ಅವನು ನನ್ನನ್ನೇ ಸ್ವಲ್ಪ ಹೊತ್ತು ನೋಡಿದ. ಏನೋ ಕಾಯಿಲೆಯವರನ್ನು ನೋಡುವ ಹಾಗೆ. "ಸಾಬ್, ಸಬ್ ಕರತೇ ಹೈ" ಅಂದ. ದುಡ್ಡು ಮಾತ್ರ ತಗೊಂಡ. ರಸೀದಿ ಕೇಳಿದೆ. ಬಾಕಿಗೆ ರಸೀದಿ ಪುಸ್ತಕ ಇಲ್ಲ ಎಂದು ಐನೂರನ್ನು ಅಂಗಿಯ ಮೇಲಿನ ಕಿಸೆಗೆ ಹಾಕಿಕೊಂಡು ಹೋದ. ನನ್ನ ಪ್ರಾಮಾಣಿಕತೆ ಆ ಹುಡುಗನ ಕಿಸೆಯಲ್ಲಿ ಅಪ್ರಾಮಾಣಿಕವಾಗಿ ಜಮೆಯಾಯಿತೋ ಏನೋ. ಹೆಂಡತಿ ವಾರವಿಡೀ ನಕ್ಕಳು.

ಆದರೆ ಪಾಪ, ಅವನು ಋಣ ಇಟ್ಟುಕೊಳ್ಳಲಿಲ್ಲ. ಆ ಭಾನುವಾರವೇ ಲೈನ್‌ಮನ್ ಒಬ್ಬನನ್ನು ಕರೆದುಕೊಂಡು ಬಂದ. ಲೈನ್‌ಮನ್ ನನ್ನ ಕೆಲಸ ನೋಡಿ ಹಣೆ ಚಚ್ಚಿಕೊಂಡ. ಹಳೇ ತೆಳು ತಂತಿಗೆ ಇನ್ನೊಂದು ತುಂಡು ಹೊಸೆದು ಕಪ್ಪು ಟೇಪು ಸುತ್ತಿದ್ದೆ. ಅದನ್ನು ಕರೆಂಟಿನ ವಯರಿನ ಜೊತೆಗೇ ಒಂದೇ ಪಟ್ಟಿಯಲ್ಲಿ ಓಡಿಸಿದ್ದೆ. ಅವನು ಎಲ್ಲ ಕಿತ್ತು, ಬಾಗಿಲ ಹತ್ತಿರದಿಂದ ಒಳಕೋಣೆಯವರೆಗೆ ಜೋಡಣೆಯೇ ಇಲ್ಲದ ಒಂದೇ ತಂತಿ ಎಳೆದ. ಆರ್‌ಜಿ-6 ಎಂಬ ದಪ್ಪ ಜಾತಿ, ಅದರಲ್ಲಿ ನಷ್ಟ ಕಡಿಮೆ. ತುದಿಗಳಿಗೆ ತಿರುಪಿನ ಕನೆಕ್ಟರ್ ಹಾಕಿದ. ಬೂಸ್ಟರನ್ನು ಬಾಗಿಲ ಹತ್ತಿರ, ಸ್ಪ್ಲಿಟರ್‌ಗಿಂತ ಮೊದಲು ಕೂರಿಸಿದ. ತೊಂಬತ್ತು ನಿಮಿಷದ ಕೆಲಸ. ಟೀವಿ ಹಚ್ಚಿದರೆ ಸೀರೆಯ ಅಂಚಿನ ಜರಿ ಎಣಿಸಬಹುದು.

ಅಮ್ಮನ ಮುಖ ಅರಳಿತು. ಹುಡುಗನಿಗೂ ಲೈನ್‌ಮನ್‌ಗೂ ಕೋಡುಬಳೆ ಕೊಟ್ಟಳು. ಅವತ್ತಿನಿಂದ ನಮ್ಮ ಮನೆಯಲ್ಲಿ ಟೀವಿಯ ಜಗಳವೇ ಇಲ್ಲ. ಎಸ್.ಪಿ. ಬಾಲಸುಬ್ರಹ್ಮಣ್ಯಂ ನಡೆಸಿಕೊಡುತ್ತಿದ್ದ 'ಎದೆ ತುಂಬಿ ಹಾಡುವೆನು' ಅವಳದು, ಆಮೇಲೆ ಬಂದ ಟಿ.ಎನ್. ಸೀತಾರಾಮ್ ಅವರ 'ಮುಕ್ತ' ಅವಳದು. ಕೋರ್ಟಿನ ವಾದ ನಡೆಯುವಾಗ ಊಟಕ್ಕೆ ಕರೆದರೂ ಏಳುತ್ತಿರಲಿಲ್ಲ. ನಾವು ಹಾಲಿನಲ್ಲಿ, ಅವಳು ಒಳಗೆ, ಎರಡು ಕಡೆಯೂ ಚಿತ್ರ ನಿಚ್ಚಳ.

ನಾನು ಗಮನಿಸಲು ಆರು ತಿಂಗಳಾದರೂ ಹಿಡಿದಿರಬೇಕು. ಚಿತ್ರ ಕೆಟ್ಟಿದ್ದ ದಿನಗಳಲ್ಲಿ ಅಮ್ಮ ಸಂಜೆಗೆ ನಾಲ್ಕು ಸಲ ಹಾಲಿಗೆ ಬರುತ್ತಿದ್ದಳು. "ಹೋಯ್ತು ನೋಡೋ" ಎನ್ನುವಳು. ನಾನೋ ಮಗನೋ ಎದ್ದು ಹೋಗಿ ತಂತಿ ಅಲುಗಿಸಿ ಬರುವುದು. ಅಷ್ಟರಲ್ಲಿ ಅವಳು ಸೋಫಾದ ತುದಿಯಲ್ಲಿ ಕೂತು ನಮ್ಮ ಚಾನೆಲ್ಲನ್ನೇ ನೋಡುತ್ತ, ಅದರ ಕಥೆ ಕೇಳುತ್ತ, ಮಗಳ ಜಡೆ ಬಿಚ್ಚಿ ಹಾಕುತ್ತ ಅರ್ಧ ಗಂಟೆ ಇರುವಳು. ಮಗನಂತೂ ಅಜ್ಜಿಯ ಟೀವಿ ರಿಪೇರಿಯ ನೆಪದಲ್ಲೇ ಒಂದಿಷ್ಟು ಕನ್ನಡ ಕಲಿತ. ಚಿತ್ರ ಸರಿಯಾದ ಮೇಲೆ ಅವಳಿಗೆ ಬರಲು ಕಾರಣವಿರಲಿಲ್ಲ, ನಮಗೆ ಹೋಗಲು ಕಾರಣವಿರಲಿಲ್ಲ. ಧಾರಾವಾಹಿ ಮುಗಿದ ಮೇಲೆ ಮಾತ್ರ ಹಾಲಿನ ಬಾಗಿಲಿಗೆ ಬಂದು ನಿಂತು ಅವತ್ತಿನ ಕಥೆ ಹೇಳಲು ನೋಡುತ್ತಿದ್ದಳು. ಜಾಹೀರಾತು ಬಂದಾಗ ಹೇಳಮ್ಮಾ ಎನ್ನುತ್ತಿದ್ದೆವು. ಜಾಹೀರಾತು ಬರುವ ಹೊತ್ತಿಗೆ ಅವಳು ಒಳಗೆ ಹೋಗಿರುತ್ತಿದ್ದಳು.

ಐನೂರು ರೂಪಾಯಿಯ ತಪ್ಪು ಲೆಕ್ಕಕ್ಕೆ ಸಿಕ್ಕಿತು, ಕಟ್ಟಿ ತೀರಿಸಿದೆ. ಇದನ್ನು ಯಾವ ಖಾತೆಗೆ ಬರೆಯುವುದು? ಯಾರೂ ಅವಳನ್ನು ಒಳಗೆ ಹೋಗು ಎನ್ನಲಿಲ್ಲ. ಕೊಟ್ಟದ್ದು ಅವಳಿಗೆ ಬೇಕಾದದ್ದನ್ನೇ, ಅದೂ ಒಳ್ಳೆಯ ಗುಣಮಟ್ಟದ್ದು. ಅವಳ ಭಾಷೆಯನ್ನು ಕೇಬಲ್ಲಿನ ತುದಿಯಿಂದ ಅವಳ ಮಂಚದವರೆಗೆ ನಷ್ಟವಿಲ್ಲದೆ ತಂದುಕೊಟ್ಟೆ. ಆದರೆ ಆ ಭಾಷೆಯನ್ನು ಅವಳ ಜೊತೆ ಆಡುವ ಕೆಲಸವನ್ನೂ ಅದೇ ತಂತಿಗೆ ಒಪ್ಪಿಸಿಬಿಟ್ಟೆನೇ? ಬ್ಯಾಂಕಿನಲ್ಲಿ ಯಾವ ಖಾತೆಗೂ ಸೇರದ ಮೊತ್ತವನ್ನು ಸಸ್ಪೆನ್ಸ್ ಖಾತೆಯಲ್ಲಿ ಇಡುತ್ತೇವೆ. ಅಲ್ಲಿ ಬಹಳ ದಿನ ಇರಕೂಡದು, ಆಡಿಟರ್ ಕೇಳುತ್ತಾನೆ. ಅಮ್ಮ ಹೋದದ್ದು 2010ರ ಡಿಸೆಂಬರಿನಲ್ಲಿ. ಮೊತ್ತ ಅಲ್ಲೇ ಇದೆ.

ಆಮೇಲಿನದು ಬೇಗ ಹೇಳುತ್ತೇನೆ. 2012ರ ಅಕ್ಟೋಬರ್ 31ಕ್ಕೆ ಮುಂಬಯಿಯ ಹಳೆಯ ಅನಲಾಗ್ ಕೇಬಲ್ ನಿಂತಿತು. ಪ್ರತಿ ಟೀವಿಗೂ ಬೇರೆ ಪೆಟ್ಟಿಗೆ ಬೇಕಾಯಿತು, ಸ್ಪ್ಲಿಟರ್‌ನ ಗುಟ್ಟಿಗೆ ಅವಕಾಶವೇ ಉಳಿಯಲಿಲ್ಲ. 2020ರಲ್ಲಿ ನಿಯಂತ್ರಣ ಪ್ರಾಧಿಕಾರ, ಒಂದೇ ಮನೆಯ ಎರಡನೇ ಟೀವಿಗೆ ನೆಟ್‌ವರ್ಕ್ ಶುಲ್ಕ ಮೊದಲನೆಯದರ ಶೇಕಡ 40 ಮೀರಬಾರದು ಎಂದೂ ಹೇಳಿತು. 250ಕ್ಕೆ ನೂರು ಅಂದರೂ ಶೇಕಡ 40. ನಮ್ಮ ಕೇಬಲ್ ಹುಡುಗ ಕಾಲಕ್ಕಿಂತ ಮುಂದಿದ್ದ! ಡಿಜಿಟಲ್ ಬಂದ ಮೇಲೆ ನುಚ್ಚೂ ಹೋಯಿತು. ಸಿಗ್ನಲ್ ಕುಗ್ಗಿದರೆ ಚಿತ್ರ ಸ್ವಲ್ಪ ಹೊತ್ತು ಚೌಕಚೌಕವಾಗಿ ಒಡೆದು, ಆಮೇಲೆ ಪೂರ್ತಿ ನಿಂತುಬಿಡುತ್ತದೆ. ಅರ್ಧಂಬರ್ಧ ಕಾಣುವುದು, ದನಿ ಕೇಳಿ ಮುಖ ಊಹಿಸಿಕೊಳ್ಳುವುದು ಇಲ್ಲ. ಒಳಕೋಣೆಗೂ ಒಂದು ಪೆಟ್ಟಿಗೆ ತಗೊಂಡೆ. ಯಾರೂ ನೋಡದಿದ್ದರೂ ಕೆಲವು ವರ್ಷ ಕನ್ನಡದ ದುಡ್ಡು ಕಟ್ಟಿದೆ. ಹೆಂಡತಿ ಯಾಕೆ ಎಂದು ಕೇಳಲಿಲ್ಲ.

2018ರಲ್ಲಿ ನಿವೃತ್ತನಾದೆ. ಈಗ ವರ್ಷದಲ್ಲಿ ಏಳೆಂಟು ತಿಂಗಳು ನಾವಿಬ್ಬರೂ ಪುಣೆಯಲ್ಲಿ ಮಗನ ಮನೆಯಲ್ಲಿ. ದೊಡ್ಡ ಫ್ಲಾಟು, ಮೂರು ಕೋಣೆ. ನಮ್ಮ ಕೋಣೆ ಹಿಂದಿನದು. ಹೋದ ವರ್ಷ ಮಗ ಅಲ್ಲಿ ದೊಡ್ಡ ಸ್ಮಾರ್ಟ್ ಟೀವಿ ತಂದು ಗೋಡೆಗೆ ಹಾಕಿಸಿದ. ಕನ್ನಡದ್ದು ಎಲ್ಲ ಬರುತ್ತದೆ, ಮೊಬೈಲಿನಲ್ಲಿ ಬರುವುದೂ ಅದರಲ್ಲೇ ಬರುತ್ತದೆ. ಆದರೆ ಹಾಲಿನ ವೈಫೈ ಎರಡು ಕಾಂಕ್ರೀಟ್ ಗೋಡೆ ದಾಟಿ ಬರುವಷ್ಟರಲ್ಲಿ ಸೊರಗಿರುತ್ತದೆ. ಚಿತ್ರ ನಿಂತು, ನಡುವೆ ಒಂದು ಉಂಗುರ ಸುತ್ತತೊಡಗುತ್ತದೆ.

ಓದುಗರು ಅಜ್ಜನ ತೆಂಗಿನ ಕರಟದ ಕಥೆ ನೆನೆಸಿಕೊಳ್ಳುತ್ತಿರಬಹುದು. ಅಪ್ಪ ಮಾಡಿದ್ದನ್ನು ಮಗ ತಿರುಗಿಸಿ ಕೊಟ್ಟ ಎಂಬ ಕಥೆ. ಹಾಗೆ ಹೇಳಿದರೆ ಸುಳ್ಳಾಗುತ್ತದೆ. ಟೀವಿ ಬಂದ ದಿನ ನನಗೆ ಬಹಳ ಖುಷಿಯಾಯಿತು. ಹಾಲಿನಲ್ಲಿ ಮೊಮ್ಮಗಳ ಕಾರ್ಟೂನು, ಸೊಸೆಯ ಆಫೀಸಿನ ಕರೆ. ಅಲ್ಲಿ ಕೂತು ವಾರ್ತೆ ಹಾಕಿ ಎನ್ನಲು ನನಗೇ ಸಂಕೋಚ. ಬಾಗಿಲು ಮುಂದೆ ಮಾಡಿಕೊಂಡು, ಕಾಲು ನೀಡಿ, ಬೇಕಾದದ್ದನ್ನು ನೋಡುವ ಸುಖ ಸಣ್ಣದಲ್ಲ. ಹಾಗಾದರೆ ಅಮ್ಮನಿಗೂ ಹೀಗೇ ಸುಖವಾಗಿತ್ತು ಎಂದು ಹಳೇ ಲೆಕ್ಕ ಮುಗಿಸಬಹುದಲ್ಲ ಎಂದು ಒಂದೆರಡು ವಾರ ಯೋಚಿಸಿದೆ. ಅದೂ ಹೊಂದಲಿಲ್ಲ. ನನಗೆ ಹಿಂದಿ, ಮರಾಠಿ ಬರುತ್ತದೆ. ಬೆಳಿಗ್ಗೆ ವಾಕಿಂಗ್‌ನಲ್ಲಿ ಹತ್ತು ಜನ ಮಾತಿಗೆ ಸಿಗುತ್ತಾರೆ, ಬೇಜಾರಾದರೆ ಬಸ್ಸು ಹತ್ತಿ ಮುಲುಂದ್‌ಗೆ ಹೋಗಬಲ್ಲೆ. ಅಮ್ಮನಿಗೆ ಬಾಗಿಲ ಆಚೆ ಇದ್ದದ್ದು ನಾವು ನಾಲ್ಕು ಜನ ಕೂತ ಒಂದು ಸೋಫಾ. ಒಂದೇ ಕೋಣೆ, ಒಂದೇ ಟೀವಿ, ಆದರೆ ಇಬ್ಬರಿಗೆ ಒಂದೇ ಅಲ್ಲ. ನನ್ನ ಸುಖದಿಂದ ಅವಳ ಸುಖವನ್ನು ಅಳೆಯುವುದು ಹೇಗೆ?

ಮೊನ್ನೆ ಮಗ, "ಅಪ್ಪಾ, ನಿಮ್ಮ ರೂಮಿನ ಸಿಗ್ನಲ್‌ಗೆ ಮೆಶ್ ಅಂತ ಒಂದು ಬರ್ತದೆ, ಹಾಕಿಸಿಬಿಡ್ತೀನಿ, ಆಮೇಲೆ ನಿಮಗೆ ತೊಂದರೆಯೇ ಇಲ್ಲ" ಅಂದ. ಎಲ್ಲಿ ಕೂರಿಸಬೇಕು ಎಂದು ಕೇಳಿದೆ. ಸಿಗ್ನಲ್ ಇನ್ನೂ ಚೆನ್ನಾಗಿರುವ ಕಡೆ, ಹಾಲಿಗೂ ನಿಮ್ಮ ರೂಮಿಗೂ ನಡುವೆ, ಟೀವಿ ಪಕ್ಕದಲ್ಲಿ ಇಟ್ಟರೆ ಉಪಯೋಗವಿಲ್ಲ ಎಂದು ವಿವರಿಸಿದ. ಅಜ್ಜಿಯ ಬೂಸ್ಟರ್ ನೆನಪಿದೆಯಾ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾನೇ ಅಲ್ವಾ ತಂತಿ ಅಲುಗಿಸ್ತಿದ್ದದ್ದು" ಅಂದ.

ಸದ್ಯಕ್ಕೆ ಬೇಡ, ದೀಪಾವಳಿ ಆಗಲಿ ಎಂದಿದ್ದೇನೆ. ಉಂಗುರ ಸುತ್ತತೊಡಗಿದರೆ ಎದ್ದು ಹಾಲಿಗೆ ಬರುತ್ತೇನೆ. ಮೊಮ್ಮಗಳು ಕಾರ್ಟೂನಿನಿಂದ ಕಣ್ಣು ತೆಗೆಯದೆ ಸ್ವಲ್ಪ ಸರಿದು ಜಾಗ ಬಿಡುತ್ತಾಳೆ.